ಎಂಜಿನ್ ಬದಲಾದ ಕಾರುಗಳು: ಧಾರವಾಡ ಸೀಮೆಯ ಮೋಟಾರು ಪ್ರೀತಿಯ ಚರಿತ್ರೆಗೊಂದು ಪೀಠಿಕೆ

ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. 1954ರಲ್ಲಿ ಆರಂಭವಾದ ಧಾರವಾಡ ತಾಲ್ಲೂಕು ಗರಗ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ಧ್ವಜದ ಬಟ್ಟೆ ನೇಯುತ್ತ ಬಂದಿದ್ದಾರೆ. ಧ್ವಜಸಂಹಿತೆ ಗೊತ್ತುಮಾಡಿರುವ ಒಂಬತ್ತು ಅಳತೆಗಳಲ್ಲಿ ಎಂಟನೆಯದು 225 ಮಿ.ಮೀ. ಉದ್ದ, 150 ಮಿ.ಮೀ. ಅಗಲದ ಪುಟ್ಟ ಬಾವುಟ. ಅದು ಗಣ್ಯರ ಕಾರಿಗೆ ಮೀಸಲು. ಬಾನೆಟ್ಟಿನ ಮುಂಭಾಗದ ನಡುವೆ ಇಲ್ಲವೆ ಕಾರಿನ ಮುಂದಿನ ಬಲಬದಿಗೆ ಗಟ್ಟಿಯಾಗಿ ಕೂರಿಸಿದ ಕೋಲಿಗೆ ಅದನ್ನು ಕಟ್ಟಬೇಕೆಂಬ ನಿಯಮವಿದೆ. ಬಿಳಿ ಅಂಬಾಸಿಡರ್ ಕಾರಿನ ಮೂತಿಯ ಮೇಲೆ ಪಟಪಟಿಸುವ ತ್ರಿವರ್ಣವನ್ನು ಎರಡು ಮೂರು ತಲೆಮಾರಿನವರು ನೋಡಿ ಬೆಳೆದಿದ್ದಾರೆ. ಕಾರಿನ ಚಿತ್ರದ ಜೊತೆ ಕೈಮಗ್ಗದ ಬಟ್ಟೆಯೂ ಅವರ ನೆನಪಿನಲ್ಲಿ ಸೇರಿಕೊಂಡಿದೆ. ಕೈಕೆಲಸದವರ ಹೆಸರು ಮಾತ್ರ ಆ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನಮ್ಮ ನಾಡಿನ ಕಾರುಪ್ರೇಮಿಗಳ ಚರಿತ್ರೆಯನ್ನು ಬರೆಯುವಾಗಲೂ ಇದೇ ಆಗಿದೆ. ಕಾರು ಯಾರದ್ದಾಗಿತ್ತು ಎಂಬುದಕ್ಕೆ ದಾಖಲೆ ಸಿಗುತ್ತದೆ. ಅದನ್ನು ಐವತ್ತು ಅರವತ್ತು ವರ್ಷ ಓಡುವಂತೆ ಇಟ್ಟವರು ಯಾರು ಎಂಬುದಕ್ಕೆ ಸಿಗುವುದಿಲ್ಲ. ಧಾರವಾಡ ಸೀಮೆಯ ಮೋಟಾರು ಪ್ರೀತಿಯನ್ನು ಗ್ಯಾರೇಜಿನ ಮಿಸ್ತ್ರಿಯಿಂದ ಶುರುಮಾಡಿ ಬರೆಯಬೇಕು. ಒಡೆಯನಿಂದ ಶುರುಮಾಡಿದರೆ ಅರ್ಧ ಚರಿತ್ರೆ ಕೈಬಿಟ್ಟುಹೋಗುತ್ತದೆ ಎಂಬುದು ಈ ಲೇಖನದ ವಾದ.

ರೂಢಿಯ ಕಥನ ಮೈಸೂರು ಅರಮನೆಯಿಂದ ಆರಂಭವಾಗುತ್ತದೆ. ಅರಸರು ರೋಲ್ಸ್ ರಾಯ್ಸ್ ಕಾರುಗಳನ್ನು ಒಮ್ಮೆಗೆ ಏಳೇಳರಂತೆ ತರಿಸುತ್ತಿದ್ದರೆಂಬ ಮಾತು ಕಾರುಪ್ರಿಯರ ನಡುವೆ ಇಂದಿಗೂ ಓಡಾಡುತ್ತದೆ. ಅರಮನೆಯ ವೈಭವಕ್ಕಿಂತ ಹೆಚ್ಚು ಗಮನಿಸಬೇಕಾದ ಸಂಗತಿ ಆಗಿನ ಮೈಸೂರು ಸಂಸ್ಥಾನದಲ್ಲಿಯೇ ಮತ್ತೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಭಾರತದಲ್ಲಿ ಮೋಟಾರು ಕೈಗಾರಿಕೆ ಕಟ್ಟುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದ ಜೊತೆಗೂಡಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ನೆರವಾಗಲು ಮುಂದೆ ಬಂತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲಚಂದರು ಅದೇ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆ ಆರಂಭಿಸಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಮುಂಬೈಗೆ ಹೋಯಿತು. ಅಂದು ಒಪ್ಪಿಗೆ ಸಿಕ್ಕಿದ್ದರೆ ಕನ್ನಡನಾಡಿನ ಮೋಟಾರು ಪರಂಪರೆ ಬೇರೆಯೇ ಆಗಿರುತ್ತಿತ್ತೆಂದು ನಾನು ಬಲವಾಗಿ ನಂಬುತ್ತೇನೆ.

ಆದರೆ ಧಾರವಾಡ ಮೈಸೂರಿನದಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಅದು ಮುಂಬೈ ಆಡಳಿತದ ಜಿಲ್ಲೆ. ಆದ್ದರಿಂದ ಇಲ್ಲಿಯ ಕಾರಿನ ದಾರಿ ಮುಂಬೈಯಿಂದ ಪುಣೆ, ಬೆಳಗಾವಿ ಮೂಲಕ ಬರುತ್ತದೆ. ಜನರಲ್ ಮೋಟಾರ್ಸ್ ಮುಂಬೈಯ ಶಿವಡಿಯಲ್ಲಿ 1928ರಿಂದ ಬಿಡಿಭಾಗ ತರಿಸಿ ಷೆವರ್ಲೆ ಜೋಡಿಸುತ್ತಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನೂ ಫಾರ್ಗೊ ಲಾರಿಗಳನ್ನೂ ಜೋಡಿಸತೊಡಗಿತು. 1953ರಲ್ಲಿ ಸುಂಕ ಆಯೋಗ ಒಂದು ನಿರ್ಣಾಯಕ ಶಿಫಾರಸು ಮಾಡಿತು: ದೇಶದಲ್ಲೇ ಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದವರು ಬರೀ ಜೋಡಣೆ ಮಾಡುವಂತಿಲ್ಲ. ಮರುವರ್ಷವೇ ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿತು, ಫೋರ್ಡ್ ಕೂಡ ಹೊರಟಿತು. ಆಮೇಲಿನ ಮೂವತ್ತು ವರ್ಷ ಜನಸಾಮಾನ್ಯರ ಪಾಲಿಗೆ ಕಾರು ಎಂದರೆ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಅಮೆರಿಕದ ಕಾರುಗಳು ಇದ್ದಲ್ಲೇ ಹಳತಾದವು. ಬಿಡಿಭಾಗ ಕಂಪನಿಯಿಂದ ಬರುವುದು ನಿಂತಿತು.

ಈ ಕೊರತೆಯೊಳಗೆ ಮಿಸ್ತ್ರಿಯ ಕೈಚಳಕ ಬೆಳೆಯಿತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಜಗತ್ತಿನ ಕಾರುಪ್ರಿಯರು ಇಂದು ಮಸಲ್ ಕಾರ್ ಎಂದು ಕೊಂಡಾಡುವ ಜಾತಿ ಹುಟ್ಟಿದ್ದು 1964ರ ಸುಮಾರಿಗೆ. ಜನರಲ್ ಮೋಟಾರ್ಸ್ ತನ್ನ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಒಳನಿಯಮ ಮಾಡಿಕೊಂಡಿತ್ತು. ಪಾಂಟಿಯಾಕ್ ವಿಭಾಗದ ಎಂಜಿನಿಯರರು, ಅವರಲ್ಲಿ ಜಾನ್ ಡಿಲೋರಿಯನ್ ಮುಖ್ಯ, ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನ್ನನ್ನು ಗಿರಾಕಿ ಬಯಸಿದರೆ ಕೊಡುವ ಹೆಚ್ಚುವರಿ ಆಯ್ಕೆ ಎಂದು ಹೆಸರಿಸಿ ನಿಯಮ ದಾಟಿದರು. ಅದೇ ಜಿಟಿಒ. 325 ಅಶ್ವಶಕ್ತಿ. ಅದೇ ವರ್ಷ ಏಪ್ರಿಲಿನಲ್ಲಿ ಫೋರ್ಡ್ ಮಸ್ಟಾಂಗ್ ಬಂತು. ಹತ್ತೇ ವರ್ಷದಲ್ಲಿ ಈ ಯುಗ ಮುಗಿಯಿತು. ಹೊಗೆಯ ಮೇಲಿನ ಕಟ್ಟುಪಾಡು, ವಿಮೆಯ ದುಬಾರಿ ಕಂತುಗಳ ಜೊತೆಗೆ 1973ರ ತೈಲ ಬಿಕ್ಕಟ್ಟು ಬಂದು, ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು.

ಆ ಏಟು ಇಲ್ಲಿಗೂ ಬಿತ್ತು. ಮುಂಬೈಯಲ್ಲೂ ದಖ್ಖನಿನ ಪಟ್ಟಣಗಳಲ್ಲೂ ಉಳಿದಿದ್ದ ಡಾಡ್ಜ್, ಪ್ಲಿಮತ್, ಷೆವರ್ಲೆಗಳಿಗೆ ಪೆಟ್ರೋಲ್ ಕುಡಿಸುವುದು ಕೈಗೆಟುಕದ ಮಾತಾಯಿತು. ಗುಜರಿಗೆ ಹಾಕಲು ಮನಸ್ಸಿಲ್ಲ; ಓಡಿಸಲು ದುಡ್ಡಿಲ್ಲ. ಆಗ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಪದ್ಧತಿ ಹಬ್ಬಿತು. ಪರ್ಕಿನ್ಸ್ ಎಂಜಿನ್ ಹಾಕುತ್ತಿದ್ದರು, ಮುಂದೆ ಮೆಟಾಡೋರ್ ವ್ಯಾನಿನದ್ದನ್ನೂ ಹಾಕಿದರು.

ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಚೈನ್ ಬ್ಲಾಕ್ ಕಟ್ಟಿ ಹಳೆಯ ಎಂಜಿನ್ ಎತ್ತಿದ ಮೇಲೆ ಚಾಸಿಯ ಮೇಲಿನ ಮೌಂಟಿಂಗ್ ಕೊಯ್ದು, ಹೊಸ ಎಂಜಿನ್ನಿನ ಕಾಲು ಎಲ್ಲಿ ಬೀಳುತ್ತದೋ ಅಲ್ಲಿಗೆ ಮತ್ತೆ ವೆಲ್ಡ್ ಮಾಡಬೇಕು. ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ದಪ್ಪ ತಗಡಿನದೊಂದು ಪ್ಲೇಟು ಬೇಕು. ಲೇತಿನ ಮೇಲೆ ಅದನ್ನು ಕಡೆಯುವಾಗ ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ ಪ್ಲೇಟ್ ತಿಂಗಳೊಳಗೆ ತಿಂದುಹೋಗುತ್ತದೆ. ಪ್ರೊಪೆಲರ್ ಶಾಫ್ಟ್ ಕತ್ತರಿಸಿ, ಕೂಡಿಸಿ, ಸಮತೂಕ ನೋಡಬೇಕು. ಡೀಸೆಲ್ ಎಂಜಿನ್ನಿನ ಕಂಪನಕ್ಕೆ ರಬ್ಬರ್ ಬುಷ್, ಭಾರಕ್ಕೆ ಮುಂದಿನ ಸ್ಪ್ರಿಂಗಿನ ದುರಸ್ತಿ. 1950ರ ದಶಕದ ಮೊದಲರ್ಧದ ಅಮೆರಿಕದ ಕಾರುಗಳ ವಿದ್ಯುತ್ ವ್ಯವಸ್ಥೆ ಹೆಚ್ಚಾಗಿ 6 ವೋಲ್ಟಿನದು. ಡೀಸೆಲ್ ಎಂಜಿನ್ ತಿರುಗಿಸಲು ಅದು ಸಾಲದು, ಇಡೀ ಗಾಡಿಗೆ 12 ವೋಲ್ಟಿನ ವೈರಿಂಗ್ ಎಳೆಯಬೇಕು. ಕೊನೆಗೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿ ಪುಸ್ತಕದಲ್ಲಿ ಇಂಧನ, ಎಂಜಿನ್ ನಂಬರು ತಿದ್ದಿಸಬೇಕು. ನಕ್ಷೆ ಇಲ್ಲ, ಕೈಪಿಡಿ ಇಲ್ಲ. ಕಂಪನಿಯ ಎಂಜಿನಿಯರರು ತಿಂಗಳುಗಟ್ಟಲೆ ಲೆಕ್ಕ ಹಾಕಿ ಮಾಡುವುದನ್ನು ಮಿಸ್ತ್ರಿ ಪಾನಾ, ಗೇಜು, ಕಣ್ಣಂದಾಜುಗಳಲ್ಲಿ ಮಾಡಿ ಮುಗಿಸಿದ. ನನ್ನ ದೃಷ್ಟಿಯಲ್ಲಿ ಇದು ಜಿಟಿಒ ಕಟ್ಟಿದವರ ಜಾಣ್ಮೆಗೆ ಸರಿಸಮನಾದ ಕೆಲಸ. ಅಲ್ಲಿ ವೇಗಕ್ಕಾಗಿ ದೊಡ್ಡ ಎಂಜಿನ್ ಹಾಕಿದರು, ಇಲ್ಲಿ ಬದುಕಿಗಾಗಿ ಸಣ್ಣದು ಹಾಕಿದರು.

ಹುಬ್ಬಳ್ಳಿ ಇಂಥ ಕೈಕೆಲಸಕ್ಕೆ ಹದವಾದ ನೆಲವಾಗಿತ್ತು. ಹತ್ತೊಂಬತ್ತನೆಯ ಶತಮಾನದಿಂದಲೂ ಇರುವ ರೈಲ್ವೆ ಕಾರ್ಯಾಗಾರ ಫಿಟ್ಟರ್, ಟರ್ನರ್, ಕುಲುಮೆ ಕೆಲಸಗಾರರ ತಲೆಮಾರುಗಳನ್ನೇ ಬೆಳೆಸಿತ್ತು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತು, ಸಾರಿಗೆ ಸಂಸ್ಥೆಯ ವರ್ಕ್‌ಶಾಪು, ಪುಣೆ–ಬೆಂಗಳೂರು ಹೆದ್ದಾರಿಯ ಲಾರಿ ವ್ಯವಹಾರ ಎಲ್ಲವೂ ಸೇರಿ ಗಾಡಿಯ ಯಾವ ಭಾಗವನ್ನೂ ಇಲ್ಲೇ ಮಾಡಿಕೊಳ್ಳಬಹುದೆಂಬ ಧೈರ್ಯ ಕೊಟ್ಟವು. ಗದಗದಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಸಂಸ್ಥೆ ಹುಬ್ಬಳ್ಳಿಯಲ್ಲಿ ಬೇರುಬಿಟ್ಟು ಬೆಳೆದದ್ದಕ್ಕೂ ಈ ನೆಲದ ಗುಣವೇ ಒಂದು ಕಾರಣವಿರಬೇಕು. ಗರಗದಿಂದ ದೂರವಿಲ್ಲದ ಮುಮ್ಮಿಗಟ್ಟಿಯಲ್ಲಿ ಇಂದು ಟಾಟಾ ಬಸ್ ಕಾರ್ಖಾನೆ ಇದೆ.

ಯಂತ್ರದ ಬಲಾಬಲವನ್ನು ಹತ್ತು ಜನರ ನಡುವೆ ತೋರಿಸಿ ಹಂಚಿಕೊಳ್ಳುವ ಚಟ ಈ ಭಾಗದ ಹಳ್ಳಿಗಳಲ್ಲೂ ಇದೆ. ಜಾತ್ರೆಗಳಲ್ಲಿ ಎತ್ತುಗಳ ತೆರಬಂಡಿ ಸ್ಪರ್ಧೆ, ಖಾಲಿ ಗಾಡಾ ಓಟದ ಜೊತೆಗೆ ಈಗ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯವೂ ಸೇರಿಕೊಂಡಿದೆ. ಯಾವ ಕಂಪನಿಯ ಎಂಜಿನ್ ಎಷ್ಟು ಎಳೆಯುತ್ತದೆಂದು ಅಲ್ಲಿ ನಡೆಯುವ ವಾದವನ್ನು ಕೇಳಿದವರು ಕಾರುಪ್ರೇಮ ಪಟ್ಟಣದ ಸಿರಿವಂತರ ಸೊತ್ತೆಂದು ಹೇಳಲಾರರು.

ಇನ್ನು ಸ್ಪೋರ್ಟ್ಸ್ ಕಾರಿನ ಮಾತು. ಕರ್ನಾಟಕಕ್ಕೆ ಇಲ್ಲಿ ಹೆಮ್ಮೆಪಡುವಂಥದ್ದು ಇದೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಫೈಬರ್ ಮೈ, ಎರಡೇ ಬಾಗಿಲು. ಮಾರುಕಟ್ಟೆಯಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯೆದುರು ಅದು ನಿಲ್ಲಲಿಲ್ಲ. ಆದರೆ ಹಗುರ ಮೈಯಿಂದಾಗಿ ರ‍್ಯಾಲಿ ಓಡಿಸುವವರು ಅದನ್ನು ಮೆಚ್ಚಿಕೊಂಡರು. 1990ರ ದಶಕದ ಕೊನೆಯಲ್ಲಿ ನಮ್ಮ ನೆರೆಯ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ತಯಾರಾಯಿತು. ಎರಡು ಸೀಟಿನ, ಮಡಿಸುವ ಮಾಡಿನ ಆ ಪುಟ್ಟ ಕಾರಿಗೆ ರೆನೊ ಕಂಪನಿಯ 1,149 ಸಿಸಿ ಎಂಜಿನ್ ಇತ್ತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಏಷ್ಯಾ ಪೆಸಿಫಿಕ್ ಸರಣಿಯವರೆಗೆ ಹೋದ ಚಿಕ್ಕಮಗಳೂರಿನ ಕಾಫಿ ತೋಟದ ಹಾದಿಗಳು ಪ್ರತ್ಯೇಕ ಅಧ್ಯಯನವನ್ನೇ ಬೇಡುತ್ತವೆ.

ಮಸಲ್ ಕಾರಿನ ಭಾರತೀಯ ರೂಪವೆಂದು ಕಾರುಪ್ರಿಯರು ಕರೆಯುವುದು ಹಿಂದುಸ್ಥಾನ್ ಕಾಂಟೆಸ್ಸಾವನ್ನು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಚ್ಚನ್ನು ತಂದು 1984ರಲ್ಲಿ ಮಾರಾಟಕ್ಕಿಟ್ಟರು. ಅಗಲ ಬಾನೆಟ್, ನಾಲ್ಕು ದುಂಡನೆಯ ದೀಪ, ಉದ್ದನೆಯ ಮೈ. ಒಳಗಿದ್ದದ್ದು ಮಾತ್ರ ಅಂಬಾಸಿಡರಿನ ವಂಶದ 1,489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಆಮೇಲೆ ಇಸುಝು ಕಂಪನಿಯ 1.8 ಲೀಟರ್ ಎಂಜಿನ್ ಬಂದಾಗಲೇ ಅದಕ್ಕೆ ಮೈಗೆ ತಕ್ಕ ಜೀವ ಬಂತು. 2002ರಲ್ಲಿ ತಯಾರಿಕೆ ನಿಂತಿತು. ನಿಜವಾದ ಮಸ್ಟಾಂಗ್ ಭಾರತದ ಷೋರೂಮಿಗೆ ಬಂದದ್ದು 2016ರಲ್ಲಿ, 65 ಲಕ್ಷ ರೂಪಾಯಿ ಬೆಲೆಗೆ. ಐದೇ ವರ್ಷದಲ್ಲಿ ಫೋರ್ಡ್ ಇಲ್ಲಿಯ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ನಮ್ಮ ಹುಡುಗರು ವಾರಾಂತ್ಯದಲ್ಲಿ ಹೆದ್ದಾರಿ ಬದಿಯಲ್ಲಿ ಕೂಡುವಾಗ ಸುತ್ತ ನೆರೆದು ನೋಡುವುದು ಇಂದಿಗೂ ಒಂದು ಚೊಕ್ಕ ಕಾಂಟೆಸ್ಸಾವನ್ನೇ.

ಹಳೆಯ ಕಾರುಗಳನ್ನು ಕಾಪಿಟ್ಟ ಸಂಸ್ಥೆಗಳ ಋಣ ದೊಡ್ಡದು. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕಟ್ಟಿದ ಮಂಜೂಷಾ ಸಂಗ್ರಹವನ್ನು ನೋಡಿದ ಹಳ್ಳಿಯ ಯಾತ್ರಿಕರೆಷ್ಟೋ ಮಂದಿಗೆ ಅದೇ ಮೊದಲ ವಿಂಟೇಜ್ ಕಾರು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಅವರದೇ ಆಸಕ್ತಿಯ ಫಲ.

ಕಾನೂನಿನ ನಡೆ ಹೀಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಶುಲ್ಕ 20,000 ರೂಪಾಯಿ, ಹತ್ತು ವರ್ಷ ಸಿಂಧು, ನವೀಕರಣಕ್ಕೆ 5,000. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಕಾನೂನು ಹಳೆಯ ಕಾರಿಗೆ ಒಂದು ಗೌರವದ ಸ್ಥಾನ ಕೊಟ್ಟಿದ್ದು ಸ್ವಾಗತಾರ್ಹ. ಆದರೆ ಎರಡು ಕಡೆ ಅದು ನಮ್ಮ ಚರಿತ್ರೆಗೆ ಹೊಂದುವುದಿಲ್ಲ. ಮೊದಲನೆಯದು ವಯಸ್ಸು. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಮೊದಲ ಕಾಂಟೆಸ್ಸಾಗಳಿಗೆ 50 ತುಂಬುವುದು 2034ಕ್ಕೆ. ನಡುವಿನ ಮೂವತ್ತೈದು ವರ್ಷ ಆ ಕಾರು ಗುಜರಿಗೂ ಗೌರವಕ್ಕೂ ನಡುವೆ ನಿಂತಿರಬೇಕು.

ಎರಡನೆಯದು ಇನ್ನೂ ಗಂಭೀರ. ಚಾಸಿ, ಮೈ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ಗಾಡಿ ಮೂಲರೂಪದಲ್ಲೇ ಇರಬೇಕು ಎಂಬುದು ಷರತ್ತು. ಅರಮನೆಯ ಷೆಡ್ಡಿನಲ್ಲಿ ನಿಂತಿದ್ದ ಕಾರು ಇದರಲ್ಲಿ ಪಾಸಾಗುತ್ತದೆ. ಎಂಜಿನ್ ಬದಲಿಸಿಕೊಂಡು ಬದುಕಿದ ಡಾಡ್ಜ್ ನಪಾಸಾಗುತ್ತದೆ. ಮೂಲರೂಪಕ್ಕೆ ಬೆಲೆ ಇರಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಬಿಡಿಭಾಗ ಸಿಗದ, ಇಂಧನ ದುಬಾರಿಯಾದ ದೇಶದಲ್ಲಿ ಕಾರು ಹೇಗೆ ಉಳಿಯಿತೆಂಬುದಕ್ಕೆ ಆ ಬೆಸುಗೆಯ ಗುರುತುಗಳೇ ಸಾಕ್ಷಿ. ಆ ಕಾಲದಲ್ಲಿ ನಡೆದ, ಆರ್‌ಸಿ ಪುಸ್ತಕದಲ್ಲಿ ದಾಖಲಾದ ಎಂಜಿನ್ ಬದಲಾವಣೆಯನ್ನು ಪ್ರತ್ಯೇಕ ವರ್ಗವೆಂದು ಮಾನ್ಯ ಮಾಡಬೇಕು. ಹೀಗೆ ಮಾಡದಿದ್ದರೆ ಉಳಿಯುವುದು ಉಳ್ಳವರ ಕಾರುಗಳ ಚರಿತ್ರೆ ಮಾತ್ರ.

ಅದಕ್ಕೆ ಮೊದಲು ದಾಖಲೆ ಬೇಕು. ಎಂಜಿನ್ ಬದಲಿಸಿದ ಪೀಳಿಗೆಯ ಮಿಸ್ತ್ರಿಗಳಿಗೆ ಈಗ ಎಪ್ಪತ್ತು ಎಂಬತ್ತು ದಾಟಿದೆ. ಹುಬ್ಬಳ್ಳಿ, ಧಾರವಾಡ, ಗರಗ, ಕಿತ್ತೂರು, ಬೈಲಹೊಂಗಲ ಸೀಮೆಯ ಮನೆಗಳಲ್ಲಿ ಮುಂಬೈ ಪ್ರಾಂತ್ಯದ ಕಾಲದ ನೋಂದಣಿ ಪತ್ರ, ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರದ ಹಳೆಯ ಸಂಖ್ಯಾಫಲಕ, ಗ್ಯಾರೇಜಿನ ಬಿಲ್ಲು, ಕಾರಿನೆದುರು ನಿಂತು ತೆಗೆಸಿಕೊಂಡ ಮದುವೆಯ ಫೋಟೊ ಏನೇ ಇದ್ದರೂ ರದ್ದಿಗೆ ಹಾಕಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ಈ ವಿಷಯವನ್ನು ಕೈಗೆತ್ತಿಕೊಂಡು, ವಿದ್ಯಾರ್ಥಿಗಳನ್ನು ಗೋಕುಲ ರಸ್ತೆಯ ಗ್ಯಾರೇಜುಗಳಿಗೆ ಕಳಿಸಿ ಹಿರಿಯ ಮಿಸ್ತ್ರಿಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ. ಕಾರುಪ್ರಿಯರ ಕೂಟಗಳು ತಮ್ಮ ಮುಂದಿನ ಪ್ರದರ್ಶನದಲ್ಲಿ ಪ್ರತಿ ಗಾಡಿಯ ಮುಂದೆ ಒಡೆಯರ ಹೆಸರಿನ ಕೆಳಗೆ ಅದನ್ನು ಸರಿಪಡಿಸಿದ ಮಿಸ್ತ್ರಿಯ ಹೆಸರನ್ನೂ ಬರೆದು ನಿಲ್ಲಿಸಲಿ.