ಬೆಳಗಾವಿಯ ದಂಡು, ಮರಾಠಾ ಪಲ್ಟಣ ಮತ್ತು ನಮ್ಮ ಊರು



ಬೆಳಗಾವಿ ಕ್ಯಾಂಪು ನಮಗೇನೂ ಹೊಸದಲ್ಲ. ಸಂತೆಗೆ, ಕೋರ್ಟು-ಕಚೇರಿಗೆ ಹೋದಾಗ ಆ ಕಡೆ ಅಡ್ಡಾಡುತ್ತಲೇ ಇರ್ತೇವೆ. ಆದರೆ ಈ ದಂಡು ಅಲ್ಲಿಗೆ ಯಾಕೆ ಬಂತು ಎಂದು ಕೇಳಿದರೆ ಹೇಳುವವರು ಕಡಿಮೆ. ಈ ಸಂಚಿಕೆಯ ನಿಮಿತ್ತ ನನಗೆ ತಿಳಿದಷ್ಟು ಬರೆದಿದ್ದೇನೆ.

ಬೆಳಗಾವಿಯ ಕೋಟೆ ರಟ್ಟರ ಕಾಲದ್ದು. ಅದರೊಳಗಿನ ಕಮಲ ಬಸದಿ 1204ರಲ್ಲಿ ಕಟ್ಟಿದ್ದು. 1818ರಲ್ಲಿ ಪೇಶ್ವೆಯವರ ಕಡೆಯವರು ಕಾಯುತ್ತಿದ್ದ ಈ ಕೋಟೆಗೆ ಥಾಮಸ್ ಮನ್ರೋ ಮುತ್ತಿಗೆ ಹಾಕಿ ವಶಪಡಿಸಿಕೊಂಡ. ಹವಾ ತಂಪು, ನೀರಿನ ಅನುಕೂಲ, ಗೋವಾದ ಪೋರ್ಚುಗೀಜರ ಮೇಲೆ ಕಣ್ಣಿಡಲಿಕ್ಕೂ ಸಮೀಪ. ಇದನ್ನೆಲ್ಲ ನೋಡಿ ಇಂಗ್ಲಿಷರು ಕೋಟೆಯ ಆಚೆ ದಂಡಿನ ಊರನ್ನೇ ಕಟ್ಟಿದರು. ಅದೇ ಇಂದಿನ ಕ್ಯಾಂಪು.

ಮರಾಠಾ ಲೈಟ್ ಇನ್‌ಫಂಟ್ರಿ ಇದಕ್ಕಿಂತ ಹಳೆಯದು. ಅದರ ಮೊದಲನೇ ಪಲ್ಟಣ 1768ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅದಕ್ಕೆ 'ಜಂಗಿ ಪಲ್ಟಣ' ಎಂಬ ಹೆಸರು. 1922ರಲ್ಲಿ ಸೈನ್ಯದ ಪುನರ್ರಚನೆ ಆದಾಗ 114ನೇ ಮರಾಠಾ ಪಲ್ಟಣ ತರಬೇತಿ ಪಲ್ಟಣವಾಯಿತು, ಬೆಳಗಾವಿ ಅದರ ಠಿಕಾಣಿ ಆಯಿತು. ಇದೇ ಪಲ್ಟಣ 1918ರ ಅಕ್ಟೋಬರದಲ್ಲಿ ಇರಾಕದ ಶರ್ಕತ್ ಎಂಬಲ್ಲಿ ಹೋರಾಡಿ ಹೆಸರು ಗಳಿಸಿತ್ತು. ಅಂದಿನಿಂದ ಇಂದಿನವರೆಗೆ ಈ ರೆಜಿಮೆಂಟಿನ ರಂಗರೂಟರು ತಯಾರಾಗುವುದು ಬೆಳಗಾವಿಯಲ್ಲೇ. ಮಹಾರಾಷ್ಟ್ರದವರ ಜೋಡಿ ನಮ್ಮ ಕರ್ನಾಟಕದ ಹುಡುಗರೂ ಇದರಲ್ಲಿದ್ದಾರೆ.

ಕೇಂದ್ರದ ಆವಾರದೊಳಗೆ ರೆಜಿಮೆಂಟಿನ ವಸ್ತು ಸಂಗ್ರಹಾಲಯ ಇದೆ. ಹಳೆಯ ಆಯುಧ, ಸಮವಸ್ತ್ರ, ಪದಕ, ಫೋಟೋಗಳು ಪಲ್ಟಣದ ಕಥೆ ಹೇಳುತ್ತವೆ. ಆ ಕಥೆಯಲ್ಲಿ ಎರಡು ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ನಾಯಕ ಯಶವಂತ ಘಾಡ್ಗೆ 1944ರ ಜುಲೈ 10ರಂದು ಇಟಲಿಯಲ್ಲಿ, ಜೊತೆಗಾರರೆಲ್ಲ ಬಿದ್ದ ಮೇಲೆ ಒಬ್ಬನೇ ಮಶಿನ್‌ಗನ್ನಿನ ಮೇಲೆ ಏರಿ ಹೋಗಿ ಪ್ರಾಣ ಕೊಟ್ಟ. ಸಿಪಾಯಿ ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಸೇನಿಯೋ ನದಿಯ ದಂಡೆಯಲ್ಲಿ, ಗುಂಡಿನ ಮಳೆಯೊಳಗೆ ಗಾಯಾಳುಗಳಿಬ್ಬರನ್ನು ಹೊತ್ತು ತಂದ. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಇಬ್ಬರೂ ಹಳ್ಳಿಯವರು.

ಪರರ ರಾಜ್ಯಕ್ಕಾಗಿ ಕಾದಿದ್ದಕ್ಕೆ ಅಭಿಮಾನ ಯಾಕೆ ಎಂದು ಕೆಲವರು ಕೇಳಬಹುದು. ಮಾತು ಖರೆ. ಆಳುವವರು ಅವರಿದ್ದರು, ಹೊಟ್ಟೆ ನಮ್ಮದಿತ್ತು. ಆದರೆ ಗೋವಾದ ಮೇಲೆ ಕಣ್ಣಿಡಲಿಕ್ಕೆ ಕಟ್ಟಿದ ಇದೇ ಬೆಳಗಾವಿಯಲ್ಲಿ 1961ರ ಡಿಸೆಂಬರದಲ್ಲಿ ಸ್ವತಂತ್ರ ಭಾರತದ ಸೈನ್ಯ ಜಮಾಯಿಸಿ ಗೋವಾ ಬಿಡಿಸಿತು. 1971ರಲ್ಲಿ ಬಾಂಗ್ಲಾದ ಜಮಾಲಪುರದಲ್ಲಿ ಗೆದ್ದದ್ದು ಅದೇ ಜಂಗಿ ಪಲ್ಟಣ.

ನಾನು ಹೇಳಬೇಕೆಂದದ್ದು ಇಷ್ಟೇ. ಪಲ್ಟಣ ಎರಡೂವರೆ ನೂರು ವರ್ಷದ ತನ್ನ ಲೆಕ್ಕ ಇಟ್ಟಿದೆ. ನಾವು? ದಂಡಿಗೆ ಹೋದ ನಮ್ಮ ಹಿರೇರ ಪದಕ ಟ್ರಂಕಿನ ತಳದಲ್ಲಿ, ಡಿಸ್ಚಾರ್ಜ್ ಬುಕ್ಕು ಗೆದ್ದಲಿನ ಬಾಯಿಯಲ್ಲಿ. ಮುದುಕಿ ತೀರಿಹೋದರೆ ಫೋಟೋದಲ್ಲಿರುವವರು ಯಾರು ಎಂದು ಹೇಳುವವರೂ ಇರೋದಿಲ್ಲ. 2022ರ ಅಗ್ನಿಪಥ ಯೋಜನೆಯಿಂದ ಈಗ ಹುಡುಗರು 4 ವರ್ಷಕ್ಕೆ ಸೇರುತ್ತಾರೆ, ಬಹಳ ಮಂದಿ ತಿರುಗಿ ಊರಿಗೇ ಬರುವವರು. ಅವರ ಸೇವೆಯೂ ಹೀಗೇ ಮರೆತು ಹೋಗಬಾರದು.

ನಮ್ಮ ಸಂಘ 25 ವರ್ಷದಿಂದ ಒಂದು ಚೀಲ ಗೊಬ್ಬರದ ಲೆಕ್ಕವನ್ನೂ ಬಿಟ್ಟಿಲ್ಲ. ಹಾಗೇ ಸಂಘದ ಕಟ್ಟಡದಲ್ಲಿ ಒಂದು ಗಾಜಿನ ಕಪಾಟು, ಒಂದು ರಜಿಸ್ಟರು ಇಡೋಣ. ಊರಿನಿಂದ ಸೈನ್ಯಕ್ಕೆ ಹೋದ ಪ್ರತಿಯೊಬ್ಬರ ಹೆಸರು, ಪಲ್ಟಣ, ಸೇರಿದ ವರ್ಷ, ಬಿಟ್ಟ ವರ್ಷ ಅದರಲ್ಲಿ ಬರಲಿ. ಫೋಟೋ, ಕಾಗದಪತ್ರದ ಝೆರಾಕ್ಸ್ ತೆಗೆಸಿ ಮೂಲ ಪ್ರತಿಯನ್ನು ಮನೆಯವರಿಗೇ ಕೊಡೋಣ. ಈ ವಿಷಯವನ್ನು ಬರುವ ಸರ್ವಸಾಧಾರಣ ಸಭೆಯಲ್ಲಿ ಮಂಡಿಸುವೆ. ಅಲ್ಲಿಯವರೆಗೆ ಮನೆಯ ಟ್ರಂಕುಗಳನ್ನು ಒಮ್ಮೆ ತೆರೆದು ನೋಡಿರಿ ಎಂದು ವಿನಂತಿ.

ಜೈ ಜವಾನ್, ಜೈ ಕಿಸಾನ್.