ಎಂಟು ಎಂಬ ಅಂಕಿ: ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ತೀರ್ಮಾನದ ಬಗ್ಗೆ ಒಂದು ಟಿಪ್ಪಣಿ

ತುರ್ತು ಚಿಕಿತ್ಸೆ ಕಲಿಯುವ ಪ್ರತಿಯೊಬ್ಬ ವೈದ್ಯಕೀಯ ವಿದ್ಯಾರ್ಥಿಗೂ ಬಾಯಿಪಾಠವಾಗಿರುವ ಸೂತ್ರವೊಂದಿದೆ: ಗ್ಲಾಸ್ಗೋ ಕೋಮಾ ಸ್ಕೇಲಿನ ಅಂಕ ಎಂಟಕ್ಕೆ ಇಳಿದರೆ ಟ್ಯೂಬ್ ಹಾಕಬೇಕು. ಈ ಟಿಪ್ಪಣಿಯ ವಾದ ಸರಳವಾದದ್ದು. ಆ ಅಂಕಿ ಅಳೆಯುವುದು ರೋಗಿಯ ಎಚ್ಚರವನ್ನು. ಟ್ಯೂಬ್ ಬೇಕೋ ಬೇಡವೋ ಎಂಬುದು ನಿಂತಿರುವುದಾದರೋ ಉಸಿರಾಟದ ಸ್ನಾಯುಗಳ ಬಲ, ಗಂಟಲು ತನ್ನನ್ನು ತಾನು ಕಾಪಾಡಿಕೊಳ್ಳುವ ಶಕ್ತಿ, ಮತ್ತು ಇನ್ನು ಕೆಲವು ಗಂಟೆಗಳಲ್ಲಿ ಕಾಯಿಲೆ ಯಾವ ಕಡೆಗೆ ಹೊರಳುತ್ತದೆ ಎಂಬ ಅಂದಾಜಿನ ಮೇಲೆ. ನಮ್ಮ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಬರುವ ವಿಷದ ಪ್ರಕರಣಗಳಲ್ಲಿ ಎಚ್ಚರ ಒಂದು ಹೇಳಿದರೆ ಉಸಿರು ಇನ್ನೊಂದು ಹೇಳುವುದುಂಟು.

ಗ್ರಹಾಂ ಟೀಸ್ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಸ್ಕೇಲನ್ನು ಪ್ರಕಟಿಸಿದಾಗ ಅವರ ಉದ್ದೇಶ ಬೇರೆಯಿತ್ತು. ಪಾಳಿ ಬದಲಾದರೂ, ನೋಡುವವರು ಬದಲಾದರೂ ರೋಗಿಯ ಪ್ರಜ್ಞೆಯ ಏರಿಳಿತವನ್ನು ಒಂದೇ ಭಾಷೆಯಲ್ಲಿ ದಾಖಲಿಸುವುದು ಅವರಿಗೆ ಬೇಕಿತ್ತು. ಕಣ್ಣು ತೆರೆಯುವುದು, ಮಾತು, ಕೈಕಾಲುಗಳ ಚಲನೆ ಸೇರಿ ಈಗ ಮೂರರಿಂದ ಹದಿನೈದರವರೆಗೆ ಅಂಕ ಕೊಡುತ್ತೇವೆ. ಎಂಟು ಅಥವಾ ಅದಕ್ಕಿಂತ ಕಡಿಮೆ ಎಂದರೆ ತಲೆಗೆ ಬಿದ್ದ ಪೆಟ್ಟು ತೀವ್ರವಾದದ್ದು ಎಂಬ ವರ್ಗೀಕರಣ ನಂತರ ರೂಢಿಗೆ ಬಂತು. ಅಪಘಾತ ಚಿಕಿತ್ಸೆಯ ತರಬೇತಿಗಳು ಅದನ್ನೇ ಟ್ಯೂಬಿನ ಮಿತಿಯಾಗಿ ಕಲಿಸಿದವು. ತಲೆಪೆಟ್ಟಿನ ಮಟ್ಟಿಗೆ ಇದರಲ್ಲಿ ನ್ಯಾಯವಿದೆ. ಬಾತ ಮೆದುಳಿಗೆ ಆಮ್ಲಜನಕದ ಕೊರತೆ, ಇಂಗಾಲದ ಡೈಆಕ್ಸೈಡಿನ ಏರಿಕೆ ಎರಡೂ ಮಾರಕ, ರೋಗಿ ಸದ್ಯಕ್ಕೆ ಏಳುವವನೂ ಅಲ್ಲ. ಆದರೆ ಕುಡಿದು ಬಿದ್ದವನಿಗೆ, ನಿದ್ರೆಮಾತ್ರೆ ನುಂಗಿದವಳಿಗೆ ಅದೇ ಮಿತಿ ಅನ್ವಯಿಸುತ್ತದೆಂದು ಯಾರೂ ಮೊದಲು ಪರೀಕ್ಷಿಸಿ ನೋಡಿರಲಿಲ್ಲ.

ಪರೀಕ್ಷಿಸಿದಾಗ ಸೂತ್ರ ಸಡಿಲವಾಯಿತು. ಸ್ಕಾಟ್‌ಲೆಂಡಿನಿಂದ 2009ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಮದ್ಯ ಅಥವಾ ಔಷಧಿಯಿಂದ ಮಂಪರಾಗಿದ್ದ 73 ಮಂದಿಯನ್ನು ಗಮನಿಸಲಾಯಿತು. ಅಂಕ ಎಂಟು ಅಥವಾ ಕಡಿಮೆಯಿದ್ದ 12 ಮಂದಿಯಲ್ಲಿ ಯಾರಿಗೂ ಟ್ಯೂಬ್ ಬೇಕಾಗಲಿಲ್ಲ. ಬೇಕಾದದ್ದು ಒಬ್ಬರಿಗೆ ಮಾತ್ರ, ಅವರ ಅಂಕ ಹನ್ನೆರಡು! 73 ದೊಡ್ಡ ಸಂಖ್ಯೆಯಲ್ಲ. 2023ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಫ್ರಾನ್ಸಿನ ಯಾದೃಚ್ಛಿಕ ಪ್ರಯೋಗ ಹೆಚ್ಚು ಗಟ್ಟಿಯಾದದ್ದು. ವಿಷಪ್ರಾಶನದಿಂದ ಅಂಕ ಒಂಬತ್ತಕ್ಕಿಂತ ಕೆಳಗಿಳಿದ 225 ಮಂದಿ ಅದರಲ್ಲಿದ್ದರು. ಬಹುಪಾಲು ಮದ್ಯದ ಪ್ರಕರಣಗಳು. ಒಂದು ಗುಂಪಿನಲ್ಲಿ ಉಸಿರಾಟದ ತೊಂದರೆ, ಫಿಟ್ಸ್, ವಾಂತಿ, ಷಾಕ್ ಇವುಗಳಲ್ಲಿ ಒಂದಾದರೂ ಕಂಡರೆ ಮಾತ್ರ ಟ್ಯೂಬ್. ಇನ್ನೊಂದರಲ್ಲಿ ವೈದ್ಯರ ರೂಢಿಯಂತೆ. ಮೊದಲ ಗುಂಪಿನ ಶೇ. 16ರಷ್ಟು, ಎರಡನೆಯದರ ಶೇ. 58ರಷ್ಟು ಮಂದಿಗೆ ಟ್ಯೂಬ್ ಬಿತ್ತು. ಎರಡೂ ಕಡೆ ಆಸ್ಪತ್ರೆಯಲ್ಲಿ ಯಾರೂ ಸಾಯಲಿಲ್ಲ; ಕಾದು ನೋಡಿದ ಗುಂಪಿನಲ್ಲಿ ಐಸಿಯು ಸೇರಿದವರೂ ಕಡಿಮೆ, ನ್ಯುಮೋನಿಯಾದ ದರವೂ ಕಡಿಮೆ. ತಕ್ಷಣ ಟ್ಯೂಬ್ ಬೇಕೆನಿಸಿದವರನ್ನು ಈ ಪ್ರಯೋಗ ಮೊದಲೇ ಹೊರಗಿಟ್ಟಿತ್ತು ಎಂಬುದನ್ನು ಮರೆತು ಉದ್ಧರಿಸುವವರೂ ಇದ್ದಾರೆ. ಕೀಟನಾಶಕ ಕುಡಿದು ಬಂದವರಿಗೆ ಇದರ ತೀರ್ಮಾನವನ್ನು ಹಾಗೆಯೇ ಎತ್ತಿ ಹಚ್ಚುವುದು ಅಪಾಯ.

ಸುಮ್ಮನೆ ಹಾಕಿಬಿಟ್ಟರೆ ನಷ್ಟವೇನು ಎಂದು ಕೇಳುವವರಿಗೆ 2021ರ ಇನ್‌ಟ್ಯೂಬ್ ಅಧ್ಯಯನ ಉತ್ತರ ಕೊಡುತ್ತದೆ. 29 ದೇಶಗಳ ಸುಮಾರು ಮೂರು ಸಾವಿರ ಗಂಭೀರ ರೋಗಿಗಳಲ್ಲಿ, ಟ್ಯೂಬ್ ಹಾಕುವ ಹೊತ್ತಿನಲ್ಲಿ ಶೇ. 45ಕ್ಕೆ ಒಂದಲ್ಲ ಒಂದು ದೊಡ್ಡ ತೊಡಕಾಯಿತು, ಹೆಚ್ಚಿನವು ರಕ್ತದೊತ್ತಡದ ಕುಸಿತ. ಶೇ. 3ರಷ್ಟು ಮಂದಿಯ ಹೃದಯವೇ ನಿಂತಿತು.

ಎಂಟರ ಸೂತ್ರ ಇನ್ನೊಂದು ದಿಕ್ಕಿನಲ್ಲೂ ಕೈಕೊಡುತ್ತದೆ, ಮತ್ತು ಕರ್ನಾಟಕದ ವೈದ್ಯರಿಗೆ ಹೆಚ್ಚು ಸಂಬಂಧಿಸಿದ್ದು ಇದೇ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಹಲವು ಸಲ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ಉಗುಳು ನುಂಗಲಾಗದಿರುವುದು, ಕತ್ತು ನಿಲ್ಲದಿರುವುದು. ಆ ಹೊತ್ತಿನಲ್ಲಿ ರೋಗಿಗೆ ಪೂರ್ಣ ಎಚ್ಚರವಿರುತ್ತದೆ. ಹೆಸರು ಕೇಳಿದರೆ ಹೇಳುತ್ತಾನೆ, ಹೇಳಿದಂತೆ ಕೈ ಎತ್ತುತ್ತಾನೆ. ಅಂಕ ಹದಿನೈದರ ಆಸುಪಾಸು. ಟ್ಯೂಬಿಗೆ ಸಿದ್ಧತೆ ಮಾಡಬೇಕಾದದ್ದು ಆಗಲೇ. ಇನ್ನಷ್ಟು ಹೊತ್ತಾದರೆ ಕಣ್ಣು ತೆರೆಯಲಾಗದೆ, ಮಾತಿಲ್ಲದೆ, ಬೆರಳೂ ಅಲುಗದೆ ಅಂಕ ಮೂರಕ್ಕೆ ಬೀಳುತ್ತದೆ, ಮೆದುಳು ಮಾತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. ಮೆದುಳು ಸತ್ತಿದೆಯೇನೋ ಎನ್ನಿಸುವ ಸ್ಥಿತಿಯಿಂದ ಇಂಥವರು ವೆಂಟಿಲೇಟರಿನ ಆಸರೆಯಲ್ಲಿ ಚೇತರಿಸಿಕೊಂಡ ವರದಿಗಳು ಭಾರತದಿಂದಲೇ ಪ್ರಕಟವಾಗಿವೆ. ಮೂರು ಅಂಕವಿದೆಯೆಂದು ಮಂಪರಿನ ಔಷಧಿಯಿಲ್ಲದೆ ಟ್ಯೂಬ್ ಇಳಿಸುವುದು ಇಂಥವರ ಮಟ್ಟಿಗೆ ಕ್ರೌರ್ಯ. ಈ ವಿಷ ನರದ ತುದಿಯನ್ನೇ ಕೆಡಿಸುವುದರಿಂದ, ಒಮ್ಮೆ ಬಲ ಹೋದ ಮೇಲೆ ಪ್ರತಿವಿಷದಿಂದ ಅದು ಕೂಡಲೇ ಮರಳುವುದಿಲ್ಲ. ನಾಗರಹಾವಿನ ಕಡಿತದಲ್ಲಿ ನಿಯೋಸ್ಟಿಗ್ಮಿನ್ ಕೊಡುವ ಭರವಸೆ ಇಲ್ಲಿ ಕಡಿಮೆ. ಹಾಗಾಗಿ ಕಾದು ನೋಡುವ ಫ್ರೆಂಚ್ ಪಾಠ ಇಲ್ಲಿ ತಿರುವುಮುರುವಾಗುತ್ತದೆ.

ಆರ್ಗನೊಫಾಸ್ಫೇಟ್ ಕೀಟನಾಶಕದ ಕಥೆ ಇನ್ನೂ ಕಪಟಿ. ಮೊದಲ ದಿನದ ಜೊಲ್ಲು, ಬೆವರು, ಕಫವನ್ನು ಅಟ್ರೊಪಿನ್ ಒಣಗಿಸುತ್ತದೆ, ರೋಗಿ ಮಾತಾಡುತ್ತಾನೆ, ವಾರ್ಡಿಗೆ ಕಳಿಸುವ ಮಾತು ಬರುತ್ತದೆ. ಒಂದರಿಂದ ನಾಲ್ಕು ದಿನಗಳೊಳಗೆ ಕತ್ತು, ತೋಳು, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಪುಣೆಯಲ್ಲಿ ವಾಡಿಯಾ ಮತ್ತು ಸಂಗಡಿಗರು 1974ರಲ್ಲೇ, ಅಂದರೆ ಗ್ಲಾಸ್ಗೋ ಸ್ಕೇಲ್ ಹುಟ್ಟಿದ ವರ್ಷವೇ, ತಡವಾಗಿ ಬರುವ ಈ ಬಗೆಯ ಸ್ನಾಯು ಸೋಲನ್ನು ಪ್ರತ್ಯೇಕವಾಗಿ ಗುರುತಿಸಿದ್ದರು. ಅದಕ್ಕೆ ಇಂಟರ್ಮೀಡಿಯೇಟ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು 1987ರಲ್ಲಿ, ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯೆದ್ದೆ ಅವರ ಪ್ರಬಂಧದಿಂದ.

ಇಂಥ ರೋಗಿಗಳ ಬಳಿ ನೋಡಬೇಕಾದದ್ದಕ್ಕೆ ಯಂತ್ರ ಬೇಕಿಲ್ಲ. ದಿಂಬಿನಿಂದ ತಲೆ ಎತ್ತಿ ಹಿಡಿಯಬಲ್ಲನೇ? ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾನೆ? ಎರಡು ಗಂಟೆ ಹಿಂದೆ ಮೂವತ್ತು ಮುಟ್ಟಿದವನು ಈಗ ಹದಿನೈದಕ್ಕೆ ನಿಂತರೆ, ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಿದ್ದರೂ ನಂಬಬಾರದು. ಸ್ನಾಯು ಸೋತು ಉಸಿರು ಕಟ್ಟುವಾಗ ಆಕ್ಸಿಜನ್ ಮಟ್ಟ ಇಳಿಯುವುದು ಕಡೆಗೆ. ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರೆ ಇನ್ನೂ ತಡ. ಗಿಲಾನ್-ಬಾರೆ ಕಾಯಿಲೆಯಲ್ಲಿ ಉಸಿರಿನ ಪ್ರಮಾಣವನ್ನು ಅಳೆದು ಮಿತಿ ಹಾಕುವ ಪದ್ಧತಿಯ ಹಿಂದಿರುವುದೂ ಇದೇ ತರ್ಕ. ಗಂಟಲು ಕೆರಳಿಸಿ ಓಕರಿಕೆ ಬರುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆಯನ್ನು ಮಾತ್ರ ಬಿಡುವುದು ಮೇಲು. ಆರೋಗ್ಯವಂತರಲ್ಲೇ ಸುಮಾರು ಮೂರನೇ ಒಂದು ಪಾಲು ಜನಕ್ಕೆ ಅದು ಬರುವುದಿಲ್ಲ, ಮಂಪರಿನಲ್ಲಿರುವವರಿಗೆ ಅದರಿಂದ ವಾಂತಿಯೇ ಆಗಬಹುದು.

ಉಳಿದದ್ದು ದಾರಿಯ ಪ್ರಶ್ನೆ. ದೊಡ್ಡ ನಗರದ ಐಸಿಯುವಿನಲ್ಲಿ ಒಂದು ಗಂಟೆ ಕಾಯಬಹುದಾದ ರೋಗಿಗೆ ತಾಲ್ಲೂಕು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಟ್ಯೂಬ್ ಬೇಕಾಗಬಹುದು, ಏಕೆಂದರೆ ಓಡುವ ಆಂಬುಲೆನ್ಸಿನ ಮಬ್ಬು ಬೆಳಕಿನಲ್ಲಿ ಆ ಕೆಲಸ ಮಾಡುವುದು ಯಾರಿಗೂ ಬೇಡ. ಹಾಕಿದ ಮೇಲೆ ದಾರಿಯುದ್ದಕ್ಕೂ ಆಂಬು ಬ್ಯಾಗ್ ಒತ್ತುವ ಕೈ ಯಾರದು ಎಂಬುದೂ ಆ ತೀರ್ಮಾನದೊಳಗೇ ಇದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಡಿತದ ಲೆಕ್ಕ ಅದರಿಂದ ಸಿಗುತ್ತದೆ. ರೋಗಿಯ ಜೊತೆ ಹೋಗುವ ರೆಫರಲ್ ಚೀಟಿಯಲ್ಲಿ ಕೋಮಾ ಅಂಕದ ಪಕ್ಕ ಎರಡು ಖಾನೆ ಹೆಚ್ಚಿಗೆ ಇದ್ದರೆ, ಅಂದರೆ ತಲೆ ಎತ್ತಿ ಹಿಡಿದ ಅವಧಿ ಮತ್ತು ಒಂದುಸಿರಿನ ಎಣಿಕೆ, ಅದೂ ಗಂಟೆಗೊಮ್ಮೆ ಬರೆದದ್ದು, ಮುಂದಿನ ಆಸ್ಪತ್ರೆಯ ವೈದ್ಯರು ಬಾಗಿಲಲ್ಲೇ ತೀರ್ಮಾನ ಮಾಡಬಲ್ಲರು.