ವೈಯಕ್ತಿಕ ಆರೋಗ್ಯ ಮಾರ್ಗದರ್ಶನ: ಪ್ರಯೋಜನಗಳು ಮತ್ತು ಸೇವೆ ಪಡೆಯುವ ವಿಧಾನ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ರೋಗ ಪತ್ತೆಯಾದ ದಿನ ವೈದ್ಯರು ಔಷಧಿ ಬರೆದುಕೊಡುತ್ತಾರೆ. ಅದನ್ನು ಪ್ರತಿದಿನ ಸೇವಿಸುವುದು, ಊಟದಲ್ಲಿ ಉಪ್ಪು ಮತ್ತು ಸಕ್ಕರೆಯನ್ನು ಕಡಿಮೆ ಮಾಡುವುದು, ತಂಬಾಕು ಬಿಡುವುದು ಮುಂತಾದ ಕೆಲಸಗಳು ರೋಗಿಯ ಮನೆಯಲ್ಲಿಯೇ ನಡೆಯಬೇಕಾಗುತ್ತದೆ. ಈ ಕಾರ್ಯದಲ್ಲಿ ರೋಗಿಯ ಜೊತೆಗಿದ್ದು ಸಲಹೆ ನೀಡುವ ವ್ಯಕ್ತಿಯನ್ನು ಮಹಾನಗರಗಳಲ್ಲಿ ‘ಹೆಲ್ತ್ ಕೋಚ್’ ಅಥವಾ ವೈಯಕ್ತಿಕ ಆರೋಗ್ಯ ಮಾರ್ಗದರ್ಶಕ ಎಂದು ಕರೆಯಲಾಗುತ್ತದೆ. ಅಲ್ಲಿ ಇದು ಹಣ ನೀಡಿ ಪಡೆಯುವ ಸೇವೆಯಾಗಿದೆ. ಇದೇ ಸ್ವರೂಪದ ಮಾರ್ಗದರ್ಶನವು ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಗ್ರಾಮ ಮಟ್ಟದಲ್ಲಿಯೇ ಉಚಿತವಾಗಿ ಲಭ್ಯವಿದ್ದು, ಅರ್ಹರು ಇದರ ಸದುಪಯೋಗ ಪಡೆಯಬಹುದಾಗಿದೆ.

2. ಹಿನ್ನೆಲೆ

ಮೇಲ್ಕಂಡ ಐದು ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿವೆ. ಇವುಗಳ ಪೈಕಿ ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಅಸ್ತಿತ್ವಕ್ಕೆ ಬಂದ ಹೊಸ ತಾಲ್ಲೂಕುಗಳು. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ನೀರಾವರಿಯಿಂದ ಕಬ್ಬು ಈ ಭಾಗದ ಪ್ರಮುಖ ಬೆಳೆಯಾಗಿದೆ. ನಿಪ್ಪಾಣಿಯು ತಂಬಾಕು ಹಾಗೂ ಬೀಡಿ ಉದ್ಯಮಕ್ಕೆ ಬಹುಕಾಲದಿಂದ ಹೆಸರಾಗಿದೆ. ಇಲ್ಲಿನ ಜನಜೀವನದ ಕೆಳಕಂಡ ಸಂಗತಿಗಳು ಆರೋಗ್ಯದ ಮೇಲೆ ನೇರ ಪರಿಣಾಮ ಬೀರುತ್ತವೆ.

(ಅ) ಕಬ್ಬು ಕಟಾವಿನ ಹಂಗಾಮಿನಲ್ಲಿ ಕಾರ್ಮಿಕ ಕುಟುಂಬಗಳು ತಿಂಗಳುಗಟ್ಟಲೆ ಊರು ಬಿಟ್ಟಿರುವುದರಿಂದ ತಪಾಸಣೆ ಮತ್ತು ಗುಳಿಗೆ ಎರಡೂ ತಪ್ಪಿಹೋಗುತ್ತವೆ.

(ಆ) ಗುಟ್ಕಾ ಮತ್ತು ಬೀಡಿಯ ಜೊತೆಗೆ ಹಲ್ಲುಜ್ಜಲು ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿಯನ್ನು ಬಳಸುವ ರೂಢಿ ಗಡಿಭಾಗದಲ್ಲಿದೆ. ಮಿಶ್ರಿ ಬಳಸುವ ಮಹಿಳೆಯರು ಅದನ್ನು ತಂಬಾಕು ಸೇವನೆಯೆಂದು ಪರಿಗಣಿಸುವುದಿಲ್ಲ.

(ಇ) ಅನೇಕರು ಚಿಕಿತ್ಸೆಗಾಗಿ ಮಿರಜ, ಸಾಂಗಲಿ ಹಾಗೂ ಕೊಲ್ಹಾಪುರಕ್ಕೆ ಹೋಗುತ್ತಾರೆ. ಒಬ್ಬರದೇ ಚೀಟಿಗಳು ಮೂರು ಕಡೆ ಹಂಚಿಹೋಗಿ, ಒಂದೇ ಗುಳಿಗೆಯನ್ನು ಎರಡು ಹೆಸರುಗಳಲ್ಲಿ ಸೇವಿಸುವ ಅಪಾಯವಿರುತ್ತದೆ.

3. ಮಾರ್ಗದರ್ಶನ ನೀಡುವವರು

(1) ಸಮುದಾಯ ಆರೋಗ್ಯ ಅಧಿಕಾರಿ: ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ (2018ರಲ್ಲಿ ಆರಂಭವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಿಗೆ 2023ರಿಂದ ಇರುವ ಹೆಸರು) ರಕ್ತದೊತ್ತಡ ಮತ್ತು ಸಕ್ಕರೆ ಅಂಶದ ತಪಾಸಣೆ, ಔಷಧಿ ವಿತರಣೆ ಹಾಗೂ ಆಪ್ತ ಸಲಹೆಯ ಹೊಣೆ ಇವರದು. ಅವಶ್ಯವಿದ್ದಲ್ಲಿ ಇ-ಸಂಜೀವಿನಿ ದೂರ ಸಮಾಲೋಚನೆಯ ಮೂಲಕ ವೈದ್ಯರೊಡನೆ ಮಾತನಾಡಿಸುತ್ತಾರೆ.

(2) ಆಶಾ ಕಾರ್ಯಕರ್ತೆ: ಮನೆ ಭೇಟಿ, ಅಪಾಯಾಂಶಗಳ ಪಟ್ಟಿ ತುಂಬುವುದು ಮತ್ತು ಗುಳಿಗೆ ತಪ್ಪಿಸಿದವರನ್ನು ಮರಳಿ ಕೇಂದ್ರಕ್ಕೆ ಕರೆತರುವುದು ಇವರ ಕೆಲಸ.

(3) ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ: ರೋಗನಿರ್ಣಯ ಮಾಡುವ ಹಾಗೂ ಔಷಧಿಯ ಪ್ರಮಾಣ ಬದಲಿಸುವ ಅಧಿಕಾರ ವೈದ್ಯರಿಗೆ ಮಾತ್ರ ಇರುತ್ತದೆ.

ಇದಲ್ಲದೆ, ಮನೆ ಬಾಗಿಲಿನಲ್ಲಿಯೇ ತಪಾಸಣೆ ನಡೆಸುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾರಂಭವಾಗಿ, 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಣೆಗೊಂಡಿತು.

4. ಪ್ರಯೋಜನಗಳು

(1) ಗುಳಿಗೆ ನಿಲ್ಲಿಸದಂತೆ ತಡೆ: ಅಧಿಕ ರಕ್ತದೊತ್ತಡವು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಗುಳಿಗೆಯಿಂದ ಒತ್ತಡ ಹತೋಟಿಗೆ ಬಂದಾಗ ‘ಬಿಪಿ ಹೋಯಿತು’ ಎಂದು ಭಾವಿಸಿ ಗುಳಿಗೆ ನಿಲ್ಲಿಸುವವರು ಬಹಳ. ಒತ್ತಡವು ಸದ್ದಿಲ್ಲದೆ ಮತ್ತೆ ಏರುತ್ತದೆ. ಪಾರ್ಶ್ವವಾಯು, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯ ಸಂಭವಿಸಿದಾಗ ಮಾತ್ರ ಅದು ಗಮನಕ್ಕೆ ಬರುತ್ತದೆ. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ಇಡೀ ಮನೆಯ ಆದಾಯ ನಿಲ್ಲುತ್ತದೆ. ನಿಯಮಿತವಾಗಿ ವಿಚಾರಿಸುವ ಒಬ್ಬರಿದ್ದಲ್ಲಿ ಈ ಅನಾಹುತವನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ.

(2) ಮನೆಯ ಅಡುಗೆಗೆ ಹೊಂದುವ ಸಲಹೆ: ಮುದ್ರಿತ ಪಥ್ಯದ ಪಟ್ಟಿಯು ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಮಾರ್ಗದರ್ಶಕರು ಮನೆಯ ಊಟವನ್ನು ವಿಚಾರಿಸಿ, ಜೋಳದ ರೊಟ್ಟಿಯ ಸಂಖ್ಯೆ, ಪಲ್ಯ ಮತ್ತು ಕಾಳುಗಳ ಪ್ರಮಾಣ, ದಿನಕ್ಕೆ ಕುಡಿಯುವ ಚಹಾ, ಅದಕ್ಕೆ ಹಾಕುವ ಸಕ್ಕರೆ ಮುಂತಾದವುಗಳ ಬಗ್ಗೆ ಸಲಹೆ ನೀಡುತ್ತಾರೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆಯ ಬದಲು ಬೆಲ್ಲ ಬಳಸಿದರೆ ಮಧುಮೇಹಿಗಳಿಗೆ ತೊಂದರೆಯಿಲ್ಲ ಎಂಬ ನಂಬಿಕೆ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಬಳಸತಕ್ಕದ್ದು. ಉಪ್ಪಿನಕಾಯಿ, ಹಪ್ಪಳ ಮತ್ತು ಚಟ್ನಿಪುಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

(3) ದುಡಿಮೆಗೆ ಹೊಂದುವ ಸಲಹೆ: ದಿನವಿಡೀ ಹೊಲದಲ್ಲಿ ದುಡಿಯುವವರಿಗೂ ದಿನವಿಡೀ ಕುಳಿತು ಬೀಡಿ ಕಟ್ಟುವವರಿಗೂ ಒಂದೇ ಸಲಹೆ ಹೊಂದದು. ಕುಳಿತು ಕೆಲಸ ಮಾಡುವವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವುದು ಒಳ್ಳೆಯದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಧುಮೇಹದ ಗುಳಿಗೆ ಸೇವಿಸಿ, ಊಟ ಬಿಟ್ಟು ಕಬ್ಬು ಕಡಿಯುವವರಿಗೆ ಸಕ್ಕರೆ ಅಂಶ ದಿಢೀರನೆ ಕುಸಿಯುವ ಅಪಾಯವಿರುತ್ತದೆ. ಊಟದ ವೇಳೆಯನ್ನು ಕೆಲಸದ ವೇಳೆಗೆ ಹೊಂದಿಸಿಕೊಳ್ಳುವ ಬಗ್ಗೆ ಇಂತಹವರು ಮೊದಲೇ ಸಲಹೆ ಪಡೆಯತಕ್ಕದ್ದು.

(4) ಪಾದಗಳ ರಕ್ಷಣೆ: ಮಧುಮೇಹಿಗಳ ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಬಹುದು. ಬರಿಗಾಲಿನಲ್ಲಿ ಕಬ್ಬಿನ ಕೂಳೆ ಚುಚ್ಚಿದರೂ, ಹೊಸ ಚರ್ಮದ ಚಪ್ಪಲಿ ಕಚ್ಚಿದರೂ ನೋವು ತಿಳಿಯುವುದಿಲ್ಲ. ಸಣ್ಣ ಗಾಯವು ಹುಣ್ಣಾಗಿ ಬೆರಳು ಅಥವಾ ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಪ್ರತಿ ರಾತ್ರಿ ಪಾದ ತೊಳೆದು ಪರೀಕ್ಷಿಸಿಕೊಳ್ಳುವುದನ್ನು ಮಾರ್ಗದರ್ಶಕರು ರೂಢಿ ಮಾಡಿಸುತ್ತಾರೆ.

(5) ತಂಬಾಕು ತ್ಯಜಿಸಲು ನೆರವು: ಬಿಟ್ಟ ಮೊದಲ ಕೆಲವು ವಾರಗಳಲ್ಲಿ ಸಿಡುಕು, ನಿದ್ರಾಹೀನತೆ ಮತ್ತು ಚಪಲ ಕಾಣಿಸಿಕೊಳ್ಳುವುದು ಸಹಜ. ಒಬ್ಬರೇ ಪ್ರಯತ್ನಿಸಿದವರು ಈ ಹಂತದಲ್ಲಿಯೇ ಸೋಲುವುದು ಹೆಚ್ಚು. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ ಕರೆಯಾಗಿದ್ದು, ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.

5. ಅಧ್ಯಯನಗಳ ಆಧಾರ

ಮಾರ್ಗದರ್ಶನದ ಫಲವನ್ನು ವೈಜ್ಞಾನಿಕವಾಗಿ ಪರೀಕ್ಷಿಸಲಾಗಿದೆ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ಆಹಾರ ಮತ್ತು ನಡಿಗೆಯ ಬಗ್ಗೆ ನಿರಂತರ ಸಲಹೆ ನೀಡಿದಾಗ ಮಧುಮೇಹ ಬರುವ ಸಾಧ್ಯತೆ ಶೇ. 28.5ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಗುಳಿಗೆಯಿಂದ ಆದ ಇಳಿಕೆ ಶೇ. 26.4. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾದ ಗ್ರಾಮೀಣ ಪ್ರದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಆರೋಗ್ಯ ಕಾರ್ಯಕರ್ತರ ಮನೆ ಭೇಟಿ ಮತ್ತು ವೈದ್ಯರ ತರಬೇತಿಯನ್ನು ಒಳಗೊಂಡ ಕ್ರಮದಿಂದ ರೋಗಿಗಳ ರಕ್ತದೊತ್ತಡವು ಇತರರಿಗಿಂತ ಸರಾಸರಿ ಸುಮಾರು 5 ಅಂಕಗಳಷ್ಟು ಹೆಚ್ಚು ಇಳಿಯಿತು.

6. ಯಾರು ಪಡೆಯಬಹುದು?

30 ವರ್ಷ ಮತ್ತು ಮೇಲ್ಪಟ್ಟ ಎಲ್ಲ ಸ್ತ್ರೀ ಪುರುಷರು ತಪಾಸಣೆಗೆ ಅರ್ಹರು. ವಯಸ್ಸು, ತಂಬಾಕು, ಮದ್ಯಪಾನ, ಸೊಂಟದ ಸುತ್ತಳತೆ, ದೈಹಿಕ ಶ್ರಮ ಹಾಗೂ ಕುಟುಂಬದ ರೋಗ ಇತಿಹಾಸವನ್ನು ಆಧರಿಸಿ ಆಶಾ ಕಾರ್ಯಕರ್ತೆಯರು ಅಂಕ ನೀಡುತ್ತಾರೆ. 4ಕ್ಕಿಂತ ಹೆಚ್ಚು ಅಂಕ ಪಡೆದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸಲಾಗುತ್ತದೆ. ಪುರುಷರಲ್ಲಿ 90 ಸೆಂ.ಮೀ. ಹಾಗೂ ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ ಸೊಂಟದ ಸುತ್ತಳತೆಯನ್ನು ಅಪಾಯದ ಸೂಚನೆಯೆಂದು ಪರಿಗಣಿಸಲಾಗುತ್ತದೆ.

7. ಸೇವೆ ಪಡೆಯುವ ವಿಧಾನ

(1) ತಮ್ಮ ಗ್ರಾಮ ಅಥವಾ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರವನ್ನು ಸಂಪರ್ಕಿಸತಕ್ಕದ್ದು.

(2) ರಕ್ತದೊತ್ತಡ ಮತ್ತು ಸಕ್ಕರೆ ಅಂಶದ ತಪಾಸಣೆ ಹಾಗೂ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಮಹಿಳೆಯರು ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಬಗ್ಗೆಯೂ ವಿಚಾರಿಸುವುದು.

(3) ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಇಲ್ಲವೇ ಸಕ್ಕರೆ ಅಂಶ ಹೆಚ್ಚಿದ್ದಲ್ಲಿ, ವೈದ್ಯಾಧಿಕಾರಿಯ ಬಳಿ ಖಚಿತಪಡಿಸಿಕೊಳ್ಳತಕ್ಕದ್ದು.

(4) ಚಿಕಿತ್ಸೆ ಆರಂಭವಾದ ನಂತರ ಸೂಚಿಸಿದ ದಿನದಂದು ತಪ್ಪದೆ ಮರುಭೇಟಿ ನೀಡತಕ್ಕದ್ದು.

(5) ಕಟಾವಿಗೆ ಅಥವಾ ಇತರ ದುಡಿಮೆಗೆ ಊರು ಬಿಡುವವರು ಹೊರಡುವ ಮುನ್ನ ತಿಳಿಸಿ, ಗುಳಿಗೆ ಹಾಗೂ ಚಿಕಿತ್ಸಾ ವಿವರದ ಚೀಟಿಯನ್ನು ಜೊತೆಗೆ ಒಯ್ಯುವುದು.

8. ಒಯ್ಯಬೇಕಾದ ದಾಖಲೆಗಳು

(ಅ) ಹಿಂದಿನ ಚೀಟಿ ಮತ್ತು ಪ್ರಯೋಗಾಲಯ ವರದಿಗಳು. ಮಹಾರಾಷ್ಟ್ರದ ಆಸ್ಪತ್ರೆಗಳ ಚೀಟಿಗಳನ್ನೂ ತರುವುದು.

(ಆ) ಪ್ರಸ್ತುತ ಸೇವಿಸುತ್ತಿರುವ ಎಲ್ಲ ಔಷಧಿಗಳ ಪೊಟ್ಟಣಗಳು. ಆಯುರ್ವೇದ ಮತ್ತು ನಾಟಿ ಔಷಧಿಗಳೂ ಸೇರಿದಂತೆ.

(ಇ) ಮೊಬೈಲ್ ಸಂಖ್ಯೆ ಮತ್ತು ಗುರುತಿನ ಚೀಟಿ. 14 ಅಂಕಿಗಳ ಆಭಾ ಸಂಖ್ಯೆ ಇದ್ದಲ್ಲಿ ದಾಖಲೆಗಳನ್ನು ಒಂದೆಡೆ ಜೋಡಿಸಲು ಅನುಕೂಲವಾಗುತ್ತದೆ. ಆಭಾ ನೋಂದಣಿ ಐಚ್ಛಿಕವಾಗಿದೆ.

9. ಖಾಸಗಿ ಮಾರ್ಗದರ್ಶಕರ ಬಗ್ಗೆ ಎಚ್ಚರಿಕೆ

ಖಾಸಗಿಯಾಗಿ ಸೇವೆ ಪಡೆಯಲು ಇಚ್ಛಿಸುವವರು ಮಾರ್ಗದರ್ಶಕರ ವಿದ್ಯಾರ್ಹತೆಯನ್ನು ವಿಚಾರಿಸತಕ್ಕದ್ದು. ‘ಕೋಚ್’ ಎಂಬುದು ವೈದ್ಯಕೀಯ ಪದವಿಯಲ್ಲ. ಇನ್ಸುಲಿನ್ ಅಥವಾ ಗುಳಿಗೆ ನಿಲ್ಲಿಸಲು ಹೇಳುವವರು, ಮಧುಮೇಹವನ್ನು ಇಂತಿಷ್ಟು ದಿನಗಳಲ್ಲಿ ಗುಣಪಡಿಸುವ ಭರವಸೆ ನೀಡುವವರು ಹಾಗೂ ಸಲಹೆಯ ಜೊತೆಗೆ ಪುಡಿ, ಡಬ್ಬಿಗಳನ್ನು ಕೊಳ್ಳಲು ಒತ್ತಾಯಿಸುವವರಿಂದ ದೂರವಿರುವುದು ಕ್ಷೇಮ. ಸಲಹೆಯಲ್ಲಿ ಸಂಶಯವಿದ್ದಲ್ಲಿ ವೈದ್ಯಾಧಿಕಾರಿಯನ್ನು ಕೇಳಿ ಖಚಿತಪಡಿಸಿಕೊಳ್ಳಬಹುದಾಗಿದೆ.

10. ತುರ್ತು ಸಂದರ್ಭ

ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಹಾಗೂ ಎದೆನೋವು ಕಂಡುಬಂದಲ್ಲಿ ಮಾರ್ಗದರ್ಶಕರಿಗಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡುವುದು. ಮಧುಮೇಹಿಗಳಲ್ಲಿ ಬೆವರು, ನಡುಕ, ಗೊಂದಲ ಕಂಡುಬಂದು ಪ್ರಜ್ಞೆಯಿದ್ದಲ್ಲಿ ತಕ್ಷಣ ಸಕ್ಕರೆ ಅಥವಾ ಬೆಲ್ಲ ನೀಡುವುದು. ಪ್ರಜ್ಞೆ ತಪ್ಪಿದ್ದಲ್ಲಿ ಬಾಯಿಗೆ ಏನನ್ನೂ ಹಾಕಬಾರದು. ಮಾನಸಿಕ ಆರೋಗ್ಯದ ಸಲಹೆಗಾಗಿ ಟೆಲಿ-ಮಾನಸ್ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಬಹುದು.

11. ಹೆಚ್ಚಿನ ಮಾಹಿತಿಗಾಗಿ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸುವುದು.